ಮೂರನೆಯ ಬಸಿರಿಗೂ ಬುತ್ತಿ

೧೯೯೪ನೇ ಇಸವಿಯಲ್ಲಿ ನಾನು ಶಾಲೆ ಬಿಟ್ಟೆ. ಆರನೆಯ ತರಗತಿ ಅರ್ಧಕ್ಕೆ ನಿಂತಿತು. ತಲೆಗೆ ಹತ್ತಲಿಲ್ಲವೆಂದು ಬಿಟ್ಟವನಲ್ಲ ನಾನು. ಮಗ್ಗಿ ಹೇಳುವುದರಲ್ಲಿ ನನ್ನನ್ನು ಹಿಂದೆ ಹಾಕುವವರು ಆ ಶಾಲೆಯಲ್ಲಿ ಇರಲಿಲ್ಲ. ಆ ವರ್ಷ ಭತ್ತದ ನಾಟಿಯ ಹೊತ್ತಿಗೆ ಗೊರೇಬಾಳದ ನಮ್ಮ ಮನೆಯಲ್ಲಿ ಅವ್ವ ತಂಗಿಯನ್ನು ಹೆತ್ತಳು. ಹೆತ್ತವಳು ಮತ್ತೆ ಏಳಲಿಲ್ಲ.

ಅದು ಅವಳ ಮೂರನೆಯ ಹೆರಿಗೆ. ಮೊದಲನೆಯದಕ್ಕೆ, ಅಂದರೆ ನನ್ನನ್ನು ಹೊತ್ತಾಗ, ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಐದು ಮಂದಿ ಮುತ್ತೈದೆಯರಿಂದ ಆರತಿ ಮಾಡಿಸಿ ಕುಬಸ ಮಾಡಿದ್ದರಂತೆ. ಬೇರೆ ಕಡೆ ಸೀಮಂತ ಅನ್ನುವುದನ್ನು ನಾವು ಕುಬಸ ಅನ್ನುತ್ತೇವೆ. ಆಮೇಲೆ ತವರಿಗೆ ಕರೆದೊಯ್ದು ಮೂರು ತಿಂಗಳು ನೆಲಕ್ಕೆ ಕಾಲಿಡಗೊಡಲಿಲ್ಲವಂತೆ. ಎರಡನೆಯ ಕೂಸು ಉಳಿಯಲಿಲ್ಲ. ಮೂರನೆಯದಕ್ಕೆ ಅವಳು ನಾಟಿಯ ಗದ್ದೆಯಿಂದ ಕೆಸರುಗಾಲಲ್ಲೇ ಬಂದು ಮಲಗಿದಳು. ರಕ್ತ ನಿಲ್ಲಲಿಲ್ಲ. ಬಂಡಿ ಹೂಡುವುದರೊಳಗೆ ಎಲ್ಲ ಮುಗಿದಿತ್ತು.

ಅಪ್ಪ ಕೂಲಿಗೆ ಹೋಗಬೇಕು. ಕೂಸನ್ನು ನೋಡುವವರು ಯಾರು? ನಾನೇ. ಓಣಿಯ ಅಜ್ಜಿಯೊಬ್ಬಳು ಆಡಿನ ಹಾಲಿನಲ್ಲಿ ಅರಳೆಯ ಬತ್ತಿ ಅದ್ದಿ ಕುಡಿಸುವುದನ್ನು ತೋರಿಸಿಕೊಟ್ಟಳು. ತಂಗಿ ನನ್ನ ಸೊಂಟದ ಮೇಲೆ ಬೆಳೆದಳು. ನನ್ನ ಜೊತೆಗಾರರು ಗೋಲಿ ಆಡುವಾಗ ನಾನು ಅವಳ ಬಟ್ಟೆ ಹಿಂಡಿ ಬೇಲಿಯ ಮೇಲೆ ಒಣಹಾಕುತ್ತಿದ್ದೆ. ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ, ಹೆಮ್ಮೆ ಇದೆ. ಅವಳು ಶಾಲೆಗೆ ಹೋಗುವಷ್ಟಾದ ಮೇಲೆ ನಾನು ಸಿಂಧನೂರಿಗೆ ಬಂದೆ. ಹೋಟೆಲಿನಲ್ಲಿ ಟೇಬಲ್ ಒರೆಸಿದೆ, ಚಹಾ ಕಾಸಿದೆ, ಒಲೆಯ ಮುಂದೆ ನಿಂತೆ. ಮದುವೆಯಾದ ಮೇಲೆ ಹೆಂಡತಿ ರೊಟ್ಟಿ ಬಡಿಯಲು ಕುಳಿತಳು, ನಾನು ಪಲ್ಯಕ್ಕೆ ನಿಂತೆ. ಹೀಗೆ ನಮ್ಮ ಖಾನಾವಳಿ ಹುಟ್ಟಿತು. ಈಗ ಸಿಂಧನೂರಿನಲ್ಲಿ ಬಸ್ಸಿಳಿದು ಖಡಕ್ ರೊಟ್ಟಿ ಎಲ್ಲಿ ಸಿಗುತ್ತದೆಂದು ಕೇಳಿದರೆ ಆಟೋದವರು ಕೈ ತೋರುವುದು ನನ್ನ ಬಾಗಿಲಿಗೆ.

ಸೇವಾ ಕ್ಲಬ್ಬಿಗೆ ನಾನು ಸೇರಿದ್ದು ಊಟ ಬಡಿಸುತ್ತಾ ಬಡಿಸುತ್ತಾ. ನಮ್ಮ ಕ್ಲಬ್ಬಿನಲ್ಲಿ ಸಿಂಧನೂರು, ಮಸ್ಕಿ, ಲಿಂಗಸೂಗೂರು ಮೂರೂ ಊರಿನ ಸುತ್ತಮುತ್ತಲಿನವರಿದ್ದಾರೆ. ಅಧ್ಯಕ್ಷರದು ಲಿಂಗಸೂಗೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಸಿಂಧನೂರಿಗೆ ಬಂದಾಗಲೆಲ್ಲ ಅವರ ಊಟ ನನ್ನಲ್ಲೇ. ಒಂದು ದಿನ ಬದನೆಕಾಯಿ ಎಣ್ಣೆಗಾಯಿಗೆ ರೊಟ್ಟಿ ಒರೆಸುತ್ತಾ ಹೇಳಿದರು:

“ನೀವೂ ನಮ್ಮ ಕ್ಲಬ್ಬಿಗೆ ಬರ್ರಿಪಾ.”

“ಅಲ್ಲಿ ಎಲ್ಲಾರೂ ಕೋಟು ಹಾಕ್ಕೊಂಡವ್ರು. ನಂದು ಆರನೇತ್ತ ಅರ್ಧ.”

“ಕೋಟಿನ್ಯಾಗೇನೈತ್ರಿ? ನಮ್ಮಲ್ಲಿ ಭಾಷಣ ಮಾಡೋರು ಜಾಸ್ತಿ ಆಗ್ಯಾರ, ಕೆಲಸ ಮಾಡೋರು ಬೇಕಾಗ್ಯಾರ.”

“ಹಂಗಂದ್ರ ಬರ್ತೀನ್ರಿ. ಭಾಷಣ ಅಂತೂ ನನಗ ಬರಂಗಿಲ್ಲ.”

ಆಗ ಕ್ಲಬ್ಬು ಬಸುರಿ-ಬಾಣಂತಿಯರ ಕೆಲಸಕ್ಕೆ ಕೈಹಾಕಿತ್ತು. ಹೊರದೇಶದ ಒಂದು ಕ್ಲಬ್ಬು ನಮ್ಮ ಜೊತೆಗೂಡಿತ್ತು. ವರ್ಷದಲ್ಲಿ ಬಹಳ ದಿನ ಹಿಮ ಬೀಳುವ ಊರಂತೆ ಅವರದು. ತಾಯಂದಿರು, ಹಸುಗೂಸುಗಳು ಸಾಯಬಾರದೆಂದು ಅವರು ಹಲವು ದೇಶಗಳಲ್ಲಿ ದುಡಿಯುತ್ತಾರೆ. ಅವರ ನೆರವಿನಿಂದ ಲಿಂಗಸೂಗೂರಿನ ಆಸ್ಪತ್ರೆಗೆ ಹಸುಗೂಸುಗಳನ್ನು ಬೆಚ್ಚಗಿಡುವ ಯಂತ್ರಗಳು ಬಂದವು. ಸಿಂಧನೂರಿಗೂ ಲಿಂಗಸೂಗೂರಿಗೂ ನಡುವೆ ಇರುವ ಮಸ್ಕಿಯಲ್ಲಿ ತಿಂಗಳಿಗೊಮ್ಮೆ ಸ್ಕ್ಯಾನಿಂಗ್, ರಕ್ತ ಪರೀಕ್ಷೆಯ ಶಿಬಿರ ಶುರುವಾಯಿತು. ಯಂತ್ರದ ಪೆಟ್ಟಿಗೆಗಳನ್ನು ಲಾರಿಯಿಂದ ಇಳಿಸಿದವರಲ್ಲಿ ನಾನೂ ಒಬ್ಬ. ಒಳಗೇನಿದೆಯೆಂದು ಗೊತ್ತಿದ್ದದ್ದರಿಂದ ಅಂಥ ಭಾರವನ್ನೂ ಕೂಸು ಇಳಿಸಿದಂತೆ ಇಳಿಸಿದ್ದೆವು.

ಆದರೆ ಶಿಬಿರಕ್ಕೆ ಹೆಂಗಸರು ಬರಲಿಲ್ಲ. ಬಂದವರೂ ಬೆರಳೆಣಿಕೆ. ಆಗ ಸಭೆಯಲ್ಲಿ ಎಲ್ಲರೂ ಸೇರಿ ಒಂದು ಹಂಚಿಕೆ ಹಾಕಿದೆವು: ಸಾಮೂಹಿಕ ಕುಬಸ. ಮಂಟಪ ಹಿಡಿದೆವು. ಹಸಿರು ಸೀರೆ, ಖಣ, ಬಳೆ, ಕೊಬ್ಬರಿ, ಮಲ್ಲಿಗೆ ದಂಡೆ ಎಲ್ಲ ತಂದೆವು. ಅಡುಗೆ ನನ್ನದು. ಕುಬಸಕ್ಕೆ ಬಂದವರು ಹಾಗೆಯೇ ಪಕ್ಕದ ಕೋಣೆಯಲ್ಲಿ ಪರೀಕ್ಷೆ ಮಾಡಿಸಿಕೊಂಡು ಹೋಗುವುದು. ಮಂಟಪ ತುಂಬಿತು. ಸಾಲಾಗಿ ಹಸಿರುಟ್ಟು ಕುಳಿತ ಹುಡುಗಿಯರನ್ನು ನೋಡಿದರೆ ಕಾಲುವೆ ನೀರು ಬಿಟ್ಟ ಮೇಲಿನ ಗದ್ದೆಯ ಹಾಗೆ ಕಾಣುತ್ತಿತ್ತು. ಫೋಟೋ ತೆಗೆದದ್ದೇ ತೆಗೆದದ್ದು.

ಎಲ್ಲ ಮುಗಿದು ನಾವು ಊಟಕ್ಕೆ ಕುಳಿತಾಗ ನಮ್ಮ ಕ್ಲಬ್ಬಿನ ಡಾಕ್ಟರಮ್ಮ ಕೈ ತೊಳೆದುಕೊಂಡು ಬಂದರು. ಅವರು ಲಿಂಗಸೂಗೂರಿನಲ್ಲಿ ಹೆರಿಗೆ ಮಾಡಿಸುವ ವೈದ್ಯೆ.

“ಛಲೋ ಆತ್ರಿ,” ಎಂದರು. “ಆದ್ರ ಒಂದು ಮಾತು. ಇವತ್ತ ಬಂದೋರೆಲ್ಲಾ ಚೊಚ್ಚಲ. ಎರಡನೇದು, ಮೂರನೇದು ಇದ್ದೋರು ಒಬ್ಬಾಕಿನೂ ಇಲ್ಲ. ನನಗ ಫಿಕರ್ ಇರೂದು ಅವರದು.”

ಕುಬಸ ಮಾಡುವುದು ಮೊದಲನೆಯ ಬಸಿರಿಗೆ ಮಾತ್ರ. ಇದು ಉಪ್ಪು ಉಪ್ಪಾಗಿರುತ್ತದೆ ಅನ್ನುವಷ್ಟೇ ನಮಗೆಲ್ಲ ಗೊತ್ತಿದ್ದ ಸಂಗತಿ. ಇದೇ ನೆಲದಲ್ಲಿ ಹುಟ್ಟಿ, ಇದೇ ಓಣಿಗಳಲ್ಲಿ ಕುಬಸದ ಊಟ ಉಂಡು ಬೆಳೆದ ನಾವು ಊರಿಗೆಲ್ಲ ಡಂಗುರ ಸಾರಿ, ಮುಕ್ಕಾಲು ಪಾಲು ಬಸುರಿಯರು ಬರಲಾಗದ ಕಾರ್ಯಕ್ಕೆ ಅವರನ್ನು ಕರೆದಿದ್ದೆವು!

ಅಧ್ಯಕ್ಷರು ಹಣೆ ಬಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಗುರುಗುಂಟಾದಲ್ಲಿ ಕೊಟ್ಟ ನನ್ನ ತಂಗಿಗೆ ಆಗ ನಾಲ್ಕು ತಿಂಗಳು. ಅದು ಅವಳ ಮೂರನೆಯ ಬಸಿರು. ಎರಡನೆಯ ಹೆರಿಗೆ ಮನೆಯಲ್ಲೇ ಆಗಿ, ರಕ್ತ ಬಹಳ ಹೋಗಿ, ಅವಳು ಬದುಕಿದ್ದೇ ಪುಣ್ಯ ಅನ್ನುವಂತಾಗಿತ್ತು. ಅವ್ವನ ಕಥೆ ಅವಳಿಗೆ ಆಗಬಾರದು. ಆ ಮಂಟಪದಲ್ಲಿ ತಟ್ಟೆಯ ಮುಂದೆ ಕುಳಿತಾಗಿನಿಂದ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಮರುದಿನವೇ ಬೈಕ್ ಹತ್ತಿ ಗುರುಗುಂಟಾಕ್ಕೆ ಹೋದೆ. ತಂಗಿ ದನಗಳಿಗೆ ಮೇವು ಹಾಕುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ತುಟಿಯ ಬಣ್ಣ ಹಲ್ಲಿನ ಬಣ್ಣ ಒಂದೇ ಆಗಿತ್ತು. ಅವಳ ಅತ್ತೆ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದರು. ತಂಗಿಯ ಗಂಡ ದೂರದ ಊರಿಗೆ ದುಡಿಯಲು ಹೋಗಿದ್ದ, ಮನೆಯಲ್ಲಿ ನಡೆಯುವುದು ಅತ್ತೆಯದೇ ಮಾತು. ಕೆಟ್ಟ ಹೆಂಗಸಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು.

“ಯವ್ವಾ, ಮಸ್ಕ್ಯಾಗ ನಮ್ಮ ಕ್ಲಬ್ಬಿಂದು ತಪಾಸಣಿ ನಡಿಯಾಕತ್ತೈತಿ. ಮುಂದಿನ ಸಲ ತಂಗೀನ ಕರ್ಕೊಂಡು ಹೋಗ್ತೀನಿ,” ಎಂದೆ.

“ಅಯ್ಯ ಬೀಗರ, ಆ ಕುಬಸದ ಸುದ್ದಿ ನಮಗೂ ಮುಟ್ಟೇತಿ. ಮೂರನೇದಕ್ಕ ಯಾರರ ಕುಬಸ ಮಾಡ್ಕೊಂತಾರೇನ್ರಿ? ದೊಡ್ಡ ಮಗಳು ಶಾಲಿಗೆ ಹೋಗಾಕತ್ಯಾಳ. ಈಕಿ ಹಸರ ಸೀರಿ ಉಟ್ಕೊಂಡು ಕುರ್ಚಿ ಮ್ಯಾಲ ಕುಂತ್ರ ಓಣಿ ಮಂದಿ ಹಲ್ಲು ಕಿಸೀತಾರ.”

“ಕುಬಸ ಅಲ್ರಿ, ಬರೇ ತಪಾಸಣಿ.”

“ತಪಾಸಣಿಗೆ ಆಕಿಗೆ ರೋಗ ಏನೈತಿ? ನಾ ಆರು ಹಡದೀನಿ, ಡಾಕ್ಟರ್ ಮಾರಿ ನೋಡಿಲ್ಲ.”

ಬೈಕಿನ ತನಕ ಬಿಡಲು ಬಂದ ತಂಗಿ ಗೋಡೆ ಹಿಡಿದು ನಿಂತು ಸಣ್ಣ ದನಿಯಲ್ಲಿ, “ಅಣ್ಣಾ, ಸುಮ್ನ ಜಗಳ ತಗೀಬ್ಯಾಡ. ನಾ ಬರೋಬ್ಬರಿ ಅದೀನಿ,” ಎಂದಳು.

“ಬರೋಬ್ಬರಿ ಇದ್ದೋರು ಗ್ವಾಡಿ ಹಿಡ್ಕೊಂಡು ಮಾತಾಡಂಗಿಲ್ಲ ಬೇ,” ಎಂದೆ.

ಮನೆಗೆ ಬಂದಾಗ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು:

“ಏನಂದ್ರು?”

“ಕಳ್ಸಂಗಿಲ್ಲ ಅಂದ್ರು.”

“ಏನು ಒಯ್ದಿದ್ರಿ?”

“ಏನು ಒಯ್ಯೂದು? ಕರೆಯಾಕ ಹೋಗಿದ್ದೆ.”

ರೊಟ್ಟಿ ಬಡಿಯುವ ಸದ್ದು ನಿಂತಿತು. “ಊರ ಮಂದಿಗೆಲ್ಲಾ ರೊಟ್ಟಿ ಕಟ್ಟಿ ಕೊಡ್ತೀರಿ, ಬಸರಿದ್ದ ತಂಗಿ ಮನಿಗೆ ಕೈ ಬೀಸ್ಕೊಂತ ಹೋಗೀರಿ! ನೀವು ಕ್ಲಬ್ಬಿನವ್ರಾಗಿ ಹೋದ್ರಿ, ಅವರು ಕಳ್ಸಲಿಲ್ಲ. ಅಣ್ಣ ಆಗಿ ಹೋಗ್ರಿ, ನೋಡೂಣು.”

ಅವಳ ಮಾತಿನ ಬೆಲೆ ನನಗೆ ತಕ್ಷಣ ತಿಳಿಯಿತು. ಕುಬಸಕ್ಕೆ ಲೆಕ್ಕ ಉಂಟು, ಬುತ್ತಿಗೆ ಲೆಕ್ಕ ಇಲ್ಲ. ಮಗಳು ಬಸುರಿ ಎಂದರೆ ತವರಿನವರು ಎಷ್ಟನೆಯದಕ್ಕಾದರೂ ಬುತ್ತಿ ಕಟ್ಟಿಕೊಂಡು ಹೋಗಬಹುದು. ಅವಳ ಬಾಯಿ ಬಯಸಿದ್ದನ್ನು ತಿನ್ನಿಸಿ ಬರಬಹುದು. ಅದು ಕಾರ್ಯವಲ್ಲ, ಬರೀ ಊಟ. ಆದರೆ ಆ ಊಟಕ್ಕೆ ಒಂದು ಕಟ್ಟಳೆ ಇದೆ. ತವರಿನ ಬುತ್ತಿಯನ್ನು ಮನೆಯವರಷ್ಟೇ ತಿನ್ನುವಂತಿಲ್ಲ, ಓಣಿಗೆಲ್ಲ ಬೀರಬೇಕು. ಬುತ್ತಿ ತಂದವರ ಮಾತನ್ನು ಓಣಿಯವರ ಎದುರಿಗೆ ತೆಗೆದುಹಾಕುವಂತಿಲ್ಲ. ಹಾಗೆ ಮಾಡಿದರೆ ಬೀಗತನದ ಇಜ್ಜತ್ತು ಹೋಗುತ್ತದೆ.

ಮುಂದಿನ ಶಿಬಿರದ ದಿನ ಬೆಳಗಾಗುವ ಮೊದಲೇ ನಮ್ಮ ಖಾನಾವಳಿಯ ಒಲೆ ಹೊತ್ತಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮೊಸರನ್ನ, ಪುಂಡಿ ಪಲ್ಯ. ಪುಂಡಿಯ ಹುಳಿ ಎಂದರೆ ತಂಗಿಗೆ ಸಣ್ಣಂದಿನಿಂದಲೂ ಜೀವ. ಬಿದಿರ ಬುಟ್ಟಿಯಲ್ಲಿ ಜೋಡಿಸಿ, ಮಡಿ ಮಾಡಿದ ಬಿಳಿ ಬಟ್ಟೆ ಮುಚ್ಚಿ, ನನ್ನ ಕ್ರೂಸರ್ ಗಾಡಿಯಲ್ಲಿಟ್ಟುಕೊಂಡು ಗಂಡ ಹೆಂಡತಿ ಹೊರಟೆವು. ಮಸ್ಕಿ ದಾಟಿ, ಲಿಂಗಸೂಗೂರು ದಾಟಿ ಗುರುಗುಂಟಾ ಮುಟ್ಟಿದಾಗ ಬಿಸಿಲು ಇನ್ನೂ ಎಳೆಯದಿತ್ತು.

ಹೆಂಡತಿ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಇಳಿದದ್ದೇ ತಡ, ತಂಗಿಯ ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತರು. ಕಾಲಿಗೆ ನೀರು ಬಂತು. ಕಂಬಳಿ ಹಾಸಿದ್ದಾಯಿತು. “ಏ, ಸೊಸಿ ತವರಿನವ್ರು ಬುತ್ತಿ ತಂದಾರ, ಬರ್ರೇ!” ಎಂದು ಅವರೇ ಓಣಿಗೆ ಕೇಳುವಂತೆ ಕೂಗಿದರು. ಹೋದ ಸಲ ತೊಗರಿಯ ಮೇಲಿಂದ ಕಣ್ಣೆತ್ತದ ಹೆಂಗಸು ಇವರೇನಾ ಎಂದು ನನಗೆ ಬೆರಗು.

ತಂಗಿ ಪುಂಡಿ ಪಲ್ಯಕ್ಕೆ ಕೈ ಹಾಕಿದಳು. ಎರಡು ರೊಟ್ಟಿ ಸರಿಯಾಗಿ ತಿಂದಳು. ಓಣಿಯವರೆಲ್ಲ ಬಂದು ಸೆರಗಿನಲ್ಲಿ ಪಾಲು ಹಾಕಿಸಿಕೊಂಡರು. ಆಗ ಹೆಂಡತಿ ಎಲ್ಲರಿಗೂ ಕೇಳುವಂತೆ, ಆದರೆ ಮೆತ್ತಗೆ, ಮಾತು ತೆಗೆದಳು:

“ಅತ್ತಿಯಾರ, ನಮ್ಮ ಹುಡುಗೀನ ಇವತ್ತೊಂದ ದಿನ ಕರ್ಕೊಂಡು ಹೋಗ್ತೀವ್ರಿ. ಮಸ್ಕ್ಯಾಗ ಡಾಕ್ಟರಮ್ಮಗ ತೋರಿಸಿ, ಸಂಜಿ ದೀಪ ಹಚ್ಚೂದರಾಗ ನಿಮ್ಮ ಹೊಸ್ತಲಕ್ಕ ತಂದು ಬಿಡ್ತೀವಿ.”

ಓಣಿಯ ಹೆಂಗಸರೆಲ್ಲ ಹೋಳಿಗೆ ಕಚ್ಚಿದ ಬಾಯಲ್ಲಿ ಅತ್ತೆಯ ಮುಖ ನೋಡಿದರು. ಅತ್ತೆ ಒಮ್ಮೆ ನನ್ನನ್ನು, ಒಮ್ಮೆ ಖಾಲಿಯಾಗುತ್ತಿದ್ದ ಬುಟ್ಟಿಯನ್ನು ನೋಡಿದರು.

“ತವರಿನವ್ರು ಕರದ್ರ ಬ್ಯಾಡ ಅನ್ನಾಕ ನಾವೇನು ಬುದ್ಧಿಗೇಡಿಗಳೇನ್ರಿ?” ಎಂದರು. “ಹೋಗಿ ಬಾ ಬೇ. ಛಲೋ ಸೀರಿ ಉಟ್ಕೊ.”

ಗಾಡಿ ಹತ್ತುವಾಗ ಇನ್ನೊಂದು ನಡೆಯಿತು. ಪಕ್ಕದ ಮನೆಯ ಹುಡುಗಿಯೊಬ್ಬಳು, ಅವಳದೂ ಬಸುರಿಯ ಹೊಟ್ಟೆ, ಗೋಡೆಗೆ ಒರಗಿ ನಿಂತು ರೊಟ್ಟಿ ತಿನ್ನುತ್ತಿದ್ದಳು. ಕಾಲುವೆ ನೀರಿನ ಬೇಸಾಯಕ್ಕೆಂದು ಬಂದು ನೆಲೆಸಿದವರ ಕ್ಯಾಂಪಿನ ಕಡೆಯ ತೆಲುಗು ಮನೆಯವಳು. ಮಾತಿನಲ್ಲಿ ತೆಲುಗು, ಕನ್ನಡ ಎರಡೂ ಬೆರೆತಿದ್ದವು, ಅಪ್ಪನಿಗೆ ನಾನ್ನ ಅನ್ನುವಳು.

“ನಂಗ್ಯಾರು ತರ್ತಾರಣ್ಣಾ ಬುತ್ತಿ? ನಮ್ಮ ಅಮ್ಮ ಇಲ್ಲ, ನಾನ್ನ ಇಲ್ಲ,” ಎಂದಳು ನಗುತ್ತಲೇ.

“ಅಣ್ಣಾ ಅಂದಿ ಹೌದಿಲ್ಲೋ? ಮುಗೀತು. ಹತ್ತವ್ವಾ ಗಾಡಿ,” ಎಂದೆ.

ಅವಳು ಹಿಂದೆ ಮುಂದೆ ನೋಡಿದಳು. ತಂಗಿಯ ಅತ್ತೆಯೇ ಅವಳ ಬೆನ್ನಿಗೆ ಕೈ ಹಚ್ಚಿ ನೂಕಿದರು: “ಹೋಗ ಬೇ. ಬುತ್ತಿ ತಿಂದಿ, ಇನ್ನ ತವರಿಲ್ಲ ಅನಬ್ಯಾಡ.”

ನಮ್ಮ ಇಡೀ ಕೆಲಸ ಹುಟ್ಟಿದ್ದು ಆ ಒಂದು ಮಾತಿನಿಂದ.

ಮಸ್ಕಿಯಲ್ಲಿ ಡಾಕ್ಟರಮ್ಮ ತಂಗಿಯನ್ನು ಬಹಳ ಹೊತ್ತು ನೋಡಿದರು. ಹೊರಗೆ ಬಂದು ನನ್ನನ್ನೂ ಹೆಂಡತಿಯನ್ನೂ ಕೂಡಿಸಿಕೊಂಡು ಹೇಳಿದರು:

“ಕೂಸಿನ ಹೊಕ್ಕಳಬಳ್ಳಿ ಅಂಟಿರೂ ಮಾಸು ಕೆಳಗ ಕುಂತೈತ್ರಿ, ಕೂಸು ಹೊರಗ ಬರೂ ಬಾಗಲಕ್ಕ ಅಡ್ಡ. ರಕ್ತನೂ ಭಾಳ ಕಮ್ಮಿ ಐತಿ. ಮನ್ಯಾಗ ಹೆರಿಗಿ ಅಂತ ಕನಸಿನ್ಯಾಗೂ ಅನಬ್ಯಾಡ್ರಿ. ಮಾಸು ಮ್ಯಾಲೆ ಸರದ್ರ ಛಲೋ, ಸರೀಲಿಲ್ಲಂದ್ರ ಆಪರೇಷನ್ ಮಾಡಬೇಕಾಗತೈತಿ.”

“ಇವತ್ತ ಬರಲಿಲ್ಲ ಅಂದಿದ್ರ?” ಎಂದೆ.

“ಅದನ್ನ ಕೇಳಬ್ಯಾಡ್ರಿ. ಬಂದಾಳಲ್ಲ. ಟೈಮ್ ಐತಿ, ದಾರಿ ಐತಿ.”

ಆ ವಾರದ ಸಭೆಯಲ್ಲಿ ನಾನು ಎದ್ದು ನಿಂತೆ. ಭಾಷಣ ಬಾರದವನು ಭಾಷಣವನ್ನೇ ಮಾಡಿದೆ. ಕುಬಸ ಬಿಡೋಣ, ಬುತ್ತಿ ಒಯ್ಯೋಣ. ತವರಿದ್ದವರಿಗೂ ಇಲ್ಲದವರಿಗೂ ನಾವೇ ತವರಾಗೋಣ ಎಂದೆ. ಎಲ್ಲರೂ ಟೇಬಲ್ ಕುಟ್ಟಿದರು. ಹುರುಪು ಎಷ್ಟಿತ್ತೆಂದರೆ ನಾನು ಮಾತು ಮುಗಿಸುವ ಮೊದಲೇ ಒಬ್ಬರು ಬ್ಯಾನರ್ ಬರೆಸಲು ಫೋನ್ ಮಾಡಿದ್ದರು.

ಆ ಬ್ಯಾನರೇ ನಮ್ಮನ್ನು ಕೆಡಿಸಿತು. ಮಸ್ಕಿಯ ಹತ್ತಿರದ ಒಂದು ಹಳ್ಳಿಗೆ ಹೋದೆವು. ಮುಂದೆ ಇಬ್ಬರು ಬ್ಯಾನರ್ ಹಿಡಿದಿದ್ದರು. ಹಿಂದೆ ಕ್ಲಬ್ಬಿನ ಗುರುತು ಅಂಟಿಸಿದ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಊಟ, ಪಕ್ಕದಲ್ಲಿ ಕ್ಯಾಮೆರಾ. ಮೊದಲನೆಯ ಮನೆಯ ಮುದುಕಿ ಬಾಗಿಲಿಗೆ ಅಡ್ಡ ನಿಂತಳು.

“ಏನ್ರಿ ಇದು?”

“ಬುತ್ತಿ ಅಜ್ಜಿ. ನಿಮ್ಮ ಸೊಸಿಗೆ ನಾವು ತವರಿನವ್ರು ಇದ್ದಂಗ,” ಎಂದರು ಅಧ್ಯಕ್ಷರು ಕೈ ಮುಗಿದು.

“ತವರಿನವ್ರು ಬ್ಯಾನರ್ ಹಿಡ್ಕೊಂಡು ಬರ್ತಾರೇನ್ರಿ? ಡಬ್ಬಿ ಮ್ಯಾಲ ಹೆಸರು ಬರ್ಕೊಂಡು ಬಂದೀರಿ! ನಾವೇನು ನಿಮ್ಮ ಮನಿಗೆ ಬೇಡಾಕ ಬಂದಿದ್ವೇನು?”

ಬಾಗಿಲು ಮುಚ್ಚಿತು. ಇಡೀ ಓಣಿಯೇ ಮುಚ್ಚಿತು. ಅಧ್ಯಕ್ಷರ ಮುಖ ಗೊಬ್ಬರದ ಖಾಲಿ ಚೀಲದಂತೆ ಜೋತಿತು. ಗಾಡಿಯಲ್ಲಿ ಕುಳಿತ ಮೇಲೆ ನಮ್ಮ ಕ್ಲಬ್ಬಿನ ಹಟ್ಟಿಯ ಗೆಳೆಯನೊಬ್ಬ, ಅಲ್ಲಿನ ಚಿನ್ನದ ಗಣಿಯಲ್ಲಿ ಕೆಲಸ ಮಾಡುವವನು, ಕಿಟಕಿಯ ಹೊರಗೆ ನೋಡುತ್ತಾ, “ಮುದುಕಿ ಖರೇ ಹೇಳ್ಯಾಳ ಬಿಡ್ರಿ. ನಮ್ಮಪ್ಪ ನಮ್ಮಕ್ಕನ ಮನಿಗೆ ಹೋಗುವಾಗ ಫೋಟೋದವನ್ನ ಕರ್ಕೊಂಡು ಹೋಗ್ತಿರ್ಲಿಲ್ಲ,” ಎಂದ. ಎಲ್ಲರಿಗೂ ಒಟ್ಟಿಗೆ ನಗು ಬಂತು. ಅಧ್ಯಕ್ಷರೇ ಬ್ಯಾನರ್ ಮಡಚಿ ಸೀಟಿನ ಕೆಳಗೆ ತುರುಕಿದರು. ಈಗ ಅದು ನಮ್ಮ ಹಿತ್ತಲಲ್ಲಿ ಸೌದೆಯ ಮೇಲೆ ಮಳೆಗೆ ಹೊದಿಕೆಯಾಗಿದೆ. ಒಳ್ಳೆಯ ಗಟ್ಟಿ ಬ್ಯಾನರ್.

ಅಂದಿನಿಂದ ರೀತಿ ಬದಲಾಯಿತು. ಬಿದಿರ ಬುಟ್ಟಿ, ಬಿಳಿ ಬಟ್ಟೆ. ಹೆಸರಿಲ್ಲ, ಗುರುತಿಲ್ಲ, ಕ್ಯಾಮೆರಾ ಇಲ್ಲ. ಹೋಗುವುದು ಗಂಡ ಹೆಂಡತಿ ಜೋಡಿಯಾಗಿ, ಕಟ್ಟೆಯ ಮೇಲೆ ಕುಳಿತು ಮಳೆ-ಬೆಳೆ ಮಾತಾಡಿ, ಬುತ್ತಿ ಬೀರಿ, ಆಮೇಲೆ ಕರೆಯುವುದು. ಊರೂರಿನ ಆಶಾ ಅಕ್ಕಂದಿರು ಯಾವ ಮನೆಯಲ್ಲಿ ಎಷ್ಟನೆಯ ಬಸಿರು ಎಂದು ಮೊದಲೇ ತಿಳಿಸುತ್ತಿದ್ದರು. ಅಡುಗೆ ನನ್ನ ಖಾನಾವಳಿಯದು; ಬೇರೆ ಯಾರಿಗೂ ಅದನ್ನು ಬಿಟ್ಟುಕೊಡಲಿಲ್ಲ ನಾನು. ಎರಡು ತಿಂಗಳು ಕಳೆಯುವುದರೊಳಗೆ ಮಸ್ಕಿಯ ಶಿಬಿರದ ಸಾಲು ಬಾಗಿಲು ದಾಟಿ ರಸ್ತೆಗೆ ಬಂತು. ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು, ಹೊಟ್ಟೆಯಲ್ಲಿ ಒಂದು. ಡಾಕ್ಟರಮ್ಮ ಹುಡುಕುತ್ತಿದ್ದವರೆಲ್ಲ ತಾವಾಗಿ ಬಂದು ನಿಂತಿದ್ದರು.

ಹಟ್ಟಿಯ ಗೆಳೆಯ ಸಾಲು ನೋಡಿ ತಲೆ ಕೆರೆದುಕೊಂಡ. “ಲೇ, ನನಗ ಇದ್ದಾಕಿ ಒಬ್ಬಾಕಿ ಅಕ್ಕ. ಈಗ ಯಾವ ಊರಿಗೆ ಹೋದ್ರೂ ‘ಅಣ್ಣಾ ಬಂದ’ ಅಂತಾರ. ಪಂಚಮಿ ಹಬ್ಬಕ್ಕ ಇಷ್ಟ ಮಂದಿ ಅಕ್ಕ-ತಂಗೇರಿಗೆ ಖಣ ಎಲ್ಲಿಂದ ತರ್ಲೆಪಾ?”

“ಗಣಿ ಒಳಗ ಇಳೀತೀ ಅಲ್ಲ, ಅಲ್ಲೇ ಒಂದೀಟು ಕೆರಕೊಂಡು ಬಾ,” ಎಂದೆ.

ಹೊರದೇಶದ ಕ್ಲಬ್ಬಿನಿಂದ ಇಬ್ಬರು ಹೆಂಗಸರು ನೋಡಲು ಬಂದದ್ದು ಆಗಲೇ. ಒಬ್ಬಾಕೆ ತಮ್ಮ ದೇಶದಲ್ಲಿ ಹೆರಿಗೆ ಮಾಡಿಸುತ್ತಿದ್ದ ನರ್ಸ್ ಅಂತೆ, ಈಗ ನಿವೃತ್ತಿ. ಬಿಸಿಲಿಗೆ ಮುಖ ಟೊಮೆಟೊ ಆಗಿತ್ತು. ಆದರೂ ಬುಟ್ಟಿ ತಾವೇ ಹೊರುತ್ತೇನೆಂದು ಹಟ ಹಿಡಿದರು. ನಾನು ಬೇಕೆಂದೇ ಅವರನ್ನು ನಮ್ಮ ಮುಖಕ್ಕೆ ಬಾಗಿಲು ಹಾಕಿದ್ದ ಮುದುಕಿಯ ಮನೆಗೇ ಕರೆದೊಯ್ದೆ. ಸೊಂಟದ ಮೇಲೆ ಬುಟ್ಟಿ ಇಟ್ಟುಕೊಂಡು ನಿಂತ ಬಿಳಿಯ ಹೆಂಗಸನ್ನು ಮುದುಕಿ ಮೇಲಿಂದ ಕೆಳಗೆ ನೋಡಿದಳು.

“ಈಕಿ ಯಾವ ಕಡಿ ತವರಿನಾಕಿ?”

“ಭಾಳ ದೂರದ ತವರು ಬೇ. ಇಮಾನದಾಗ ಬಂದಾರ,” ಎಂದಳು ನನ್ನ ಹೆಂಡತಿ.

“ಇಮಾನದಾಗ ಬುತ್ತಿ ತಂದಾರೇನು! ಹಳಸಿಲ್ಲೇನು?” ಎಂದು ಮುದುಕಿ ಬಟ್ಟೆ ಸರಿಸಿ ಮೂಸಿ ನೋಡಿದಳು. ಡಾಕ್ಟರಮ್ಮ ಅದನ್ನು ತಿಳಿಸಿ ಹೇಳಿದಾಗ ಆ ನರ್ಸಮ್ಮ ಕಟ್ಟೆಯ ಮೇಲೆ ಕುಸಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮುದುಕಿ ಅವರ ಕೈಗೂ ರೊಟ್ಟಿ, ಕೆಂಪು ಖಾರ ಇಟ್ಟಳು. ಆಮೇಲೆ ಬಂದ ಕಣ್ಣೀರು ಖಾರದ್ದು.

ಫೋಟೋ ಇಲ್ಲವಲ್ಲ ಎಂದು ಅಧ್ಯಕ್ಷರು ಅಳುಕುತ್ತಲೇ ಕೇಳಿದರು. ಆ ನರ್ಸಮ್ಮ ಬೇಡವೆಂದರು. ಬೇರೊಂದು ದೇಶದಲ್ಲಿಯೂ ತಾವು ಇದೇ ಕೆಲಸ ಮಾಡುತ್ತೇವೆ, ಅಲ್ಲಿಯೂ ಅತ್ತೆಯಂದಿರು ಕಳಿಸುವುದಿಲ್ಲ, ಅಲ್ಲಿ ತವರಿನಿಂದ ಏನು ಊಟ ಬರುತ್ತದೆಂದು ಹೋಗಿ ಕೇಳುತ್ತೇನೆ ಎಂದರು. ಕೆಲವು ತಿಂಗಳ ಮೇಲೆ ಸುದ್ದಿ ಬಂತು. ಅಲ್ಲಿ ರೊಟ್ಟಿಯಲ್ಲ, ಸೋರೆಬುರುಡೆಯಲ್ಲಿ ಹುಳಿ ಗಂಜಿ ಒಯ್ಯುತ್ತಾರಂತೆ. ಹೆಂಗಸರು ಬರತೊಡಗಿದ್ದಾರಂತೆ. ಸಿಂಧನೂರಿನ ಒಲೆಯ ಬುದ್ಧಿ ಸಮುದ್ರ ದಾಟಿತೆಂದು ನಾನು ಅಂದು ಖಾನಾವಳಿಗೆ ಬಂದ ಗಿರಾಕಿಗಳಿಗೆಲ್ಲ ಹೋಳಿಗೆ ಬಡಿಸಿದೆ.

ಇತ್ತ, ಆ ಹೆಂಗಸರು ಬಂದು ಹೋಗುವಷ್ಟರಲ್ಲೇ ತಂಗಿಗೆ ಎಂಟು ತಿಂಗಳು ತುಂಬುತ್ತಾ ಬಂದಿತ್ತು. ಸೂಜಿ, ಗುಳಿಗೆಯಿಂದ ಮೈಯಲ್ಲಿ ರಕ್ತ ಏರಿತ್ತು, ತುಟಿಗೆ ಬಣ್ಣ ಮರಳಿತ್ತು. ಮಾಸು ಮಾತ್ರ ಇದ್ದಲ್ಲೇ ಇತ್ತು. ಇನ್ನು ಆಸ್ಪತ್ರೆಯ ಹತ್ತಿರವೇ ಇರಬೇಕು, ಲಿಂಗಸೂಗೂರು ಬಿಟ್ಟು ಕದಲಬಾರದು, ರಕ್ತ ತಯಾರಿಡಬೇಕು ಎಂದರು ಡಾಕ್ಟರಮ್ಮ. ಅತ್ತೆ ಮತ್ತೆ ಪದ್ಧತಿಗೆ ಬಂದರು: “ಮೂರನೇದಕ್ಕ ತವರಿಗೆ ಕಳ್ಸೂದು ನಮ್ಮಲ್ಲಿ ಇಲ್ರಿ ಬೀಗರ.”

ಈ ಸಲ ನಾನು ಹೋಗಲಿಲ್ಲ. ಅಧ್ಯಕ್ಷರ ಮನೆಯವರೇ ಬುಟ್ಟಿ ಹಿಡಿದು ಗುರುಗುಂಟಾಕ್ಕೆ ಹೋದರು. ಆ ತಾಯಿ ಅತ್ತೆಯ ಪಕ್ಕ ಕುಳಿತು, “ತವರಿಗೆ ಅಲ್ರಿ ಅಕ್ಕಾರ, ಲಿಂಗಸೂಗೂರಾಗ ನಮ್ಮ ಮನಿಗೆ. ಸೊಸಿ ಒಬ್ಬಾಕಿನೇ ಯಾಕ, ನೀವೂ ಬರ್ರಿ ಜೋಡಿಲಿ. ನನಗೂ ಮಾತಿಗೆ ಜೊತಿ ಆಗತೈತಿ,” ಎಂದರಂತೆ. ಅತ್ತೆಗೆ ಎದುರಾಡಲು ಪದ್ಧತಿ ಉಳಿದಿರಲಿಲ್ಲ. ಗಂಟು ಕಟ್ಟಿಕೊಂಡು ಸೊಸೆಯ ಜೊತೆ ತಾವೂ ಬಂದರು. ಹಟ್ಟಿಯ ಗೆಳೆಯ ಶಿಫ್ಟ್ ಮುಗಿಸಿ ನೇರವಾಗಿ ಹೋಗಿ ತೋಳು ಚಾಚಿ ರಕ್ತ ಕೊಟ್ಟು ಬಂದ. ನಾವೂ ಕೆಲವರು ಕೊಟ್ಟೆವು.

ಒಂದು ಮಧ್ಯಾಹ್ನ, ಖಾನಾವಳಿಯಲ್ಲಿ ಕೂಡಲು ಜಾಗವಿಲ್ಲದ ಹೊತ್ತು, ಅಧ್ಯಕ್ಷರ ಫೋನ್ ಬಂತು. “ರಕ್ತ ಕಾಣಿಸ್ಕೊಂಡೈತಿ. ಆಸ್ಪತ್ರಿಗೆ ಕರ್ಕೊಂಡು ಬಂದೀವಿ. ಒಳಗ ಒಯ್ದಾರ. ನೀವು ನಿಧಾನ ಬರ್ರಿ.” ಸಾರಿನ ಸೌಟನ್ನು ಯಾರ ಕೈಗೋ ಕೊಟ್ಟು, ಹೆಂಡತಿಯನ್ನು ಕೂಡಿಸಿಕೊಂಡು ಕ್ರೂಸರ್ ಹೊರಡಿಸಿದೆ. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಬಗ್ಗಿದ ಹೆಂಗಸರ ಸಾಲು ಕಂಡಾಗಲೆಲ್ಲ ಅವ್ವನ ಕೆಸರುಗಾಲು ಕಣ್ಣ ಮುಂದೆ ಬರುತ್ತಿತ್ತು. ಅಂದು ಬಂಡಿ ಹೂಡುವುದರೊಳಗೆ ಎಲ್ಲ ಮುಗಿದಿತ್ತು. ಇಂದು ನಾನು ಗಾಡಿ ಹತ್ತುವ ಮೊದಲೇ ತಂಗಿ ಆಸ್ಪತ್ರೆಯ ಒಳಗಿದ್ದಳು. ಮಸ್ಕಿ ದಾಟುವ ತನಕ ಇದನ್ನೇ ಬಾಯಿಪಾಠ ಹೇಳಿಕೊಳ್ಳುತ್ತಾ ಗಾಡಿ ಓಡಿಸಿದೆ.

ಆಸ್ಪತ್ರೆಯ ಬಾಗಿಲಲ್ಲಿ ತಂಗಿಯ ಅತ್ತೆ ನಿಂತಿದ್ದರು. ಬೆವರಿಗೆ ಹಣೆಯ ವಿಭೂತಿ ಅಳಿಸಿ ಹೋಗಿತ್ತು. ನನ್ನನ್ನು ಕಂಡದ್ದೇ ಎರಡೂ ಕೈ ಮೇಲೆತ್ತಿ, ಅಂಗಳದವರೆಲ್ಲ ತಿರುಗಿ ನೋಡುವಂತೆ ಕೂಗಿದರು:

“ಬೀಗರ, ಇಬ್ರೂ ಅದಾರ! ಇಬ್ರೂ ಅದಾರ!”

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಅವರೂ ಪಕ್ಕದಲ್ಲಿ ಕುಳಿತರು. ಸೆರಗಿನಿಂದ ಮುಖ ಒರೆಸಿಕೊಂಡು, “ಡಾಕ್ಟರಮ್ಮ ಹೇಳಿದ್ಲು, ಮನ್ಯಾಗಿದ್ದಿದ್ರ ಆಕಿ ಕೈ ಬಿಟ್ಟು ಹೋಗ್ತಿದ್ಲಂತ,” ಎಂದು ತಮಗೇ ಹೇಳಿಕೊಂಡಂತೆ ಹೇಳಿದರು.

ಕೂಸು ಹೆಣ್ಣು. ದಿನ ತುಂಬದ ಸಣ್ಣ ಜೀವ. ಯಂತ್ರದ ಕೆಳಗೆ ಬೆಚ್ಚಗೆ ಮಲಗಿತ್ತು, ಮುಷ್ಟಿ ಬಿಗಿ ಹಿಡಿದು. ನಾನು ಗಾಜಿನಾಚೆಯಿಂದ ನೋಡಿದೆ. ಆ ಯಂತ್ರದ ಭಾರ ನನ್ನ ಹೆಗಲಿಗೆ ಗೊತ್ತಿತ್ತು. ಲಾರಿಯಿಂದ ಇಳಿಸುವಾಗ ಕೂಸು ಇಳಿಸಿದಂತೆ ಇಳಿಸಿದ್ದೆವು ಎಂದೆನಲ್ಲ, ಆ ಕೂಸು ಇದೇ.

ತಂಗಿಗೆ ಎಚ್ಚರವಾದ ಮೇಲೆ ಒಳಗೆ ಬಿಟ್ಟರು. ಕಣ್ಣು ಅರ್ಧ ತೆರೆದು ನನ್ನ ಕೈ ನೋಡಿದಳು.

“ಅಣ್ಣಾ, ಹಸಿವ್ಯಾಗೇತಿ. ಬುತ್ತಿ ತಂದೀಯೇನು?”

“ಮತ್ತ ಖಾಲಿ ಕೈಲೇ ಬಂದಾರ ನೋಡು ನಿಮ್ಮಣ್ಣ!” ಎಂದಳು ನನ್ನ ಹೆಂಡತಿ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಅಳು ಆಗ ಅವಳಿಗೆ ನಗುವಾಗಿ ಒಡೆಯಿತು.

“ಇವತ್ತ ಯಾರ ಬುತ್ತಿನೂ ನಡಿಯಂಗಿಲ್ಲ. ಗಂಜಿ ಯಾವಾಗ ಅಂತ ನಾ ಹೇಳ್ತೀನಿ,” ಎಂದರು ಡಾಕ್ಟರಮ್ಮ ಬಾಗಿಲಿಂದ.

ಈಗ ಗುರುಗುಂಟಾದ ಕಡೆಯ ಬುಟ್ಟಿಗಳೆಲ್ಲ ತಂಗಿಯ ಅತ್ತೆಯ ಕೈಯಲ್ಲಿವೆ. ಯಾವ ಮನೆಯ ಅತ್ತೆಯಾದರೂ “ನಾ ಆರು ಹಡದೀನಿ” ಎಂದರೆ, “ನಾನೂ ಆರು ಹಡದೀನಿ ಬೇ. ನಿನಗ ಸೊಸಿ ಬೇಕೋ, ಲೆಕ್ಕ ಬೇಕೋ?” ಎಂದು ಬಾಯಿ ಮುಚ್ಚಿಸುತ್ತಾರೆ. ಮೊನ್ನೆ ಮಸ್ಕಿಯ ಶಿಬಿರಕ್ಕೆ ಅವರೊಬ್ಬರೇ ಒಂದು ಗಾಡಿ ತುಂಬ ಬಸುರಿಯರನ್ನು ಕರೆತಂದು, ಇಳಿಯುವಾಗ ನನಗೇ ಗದರಿದರು: “ಏನ್ರಿ ಬೀಗರ, ಈ ಸಲ ಪುಂಡಿ ಪಲ್ಯಕ್ಕ ಉಪ್ಪು ಕಮ್ಮಿ!”

ಆರನೆಯ ತರಗತಿ ಅರ್ಧಕ್ಕೆ ಬಿಟ್ಟು ಏನು ಗಳಿಸಿದಿ ಎಂದು ಯಾರಾದರೂ ಕೇಳಿದರೆ ಹೇಳಲು ನನಗೆ ತಡವಾಗುವುದಿಲ್ಲ. ಖಾನಾವಳಿ ಒಂದು. ಕ್ರೂಸರ್ ಗಾಡಿ ಒಂದು, ಬೈಕ್ ಒಂದು. ಬಿದಿರ ಬುಟ್ಟಿ ಹನ್ನೆರಡು, ಬಿಳಿ ಬಟ್ಟೆ ಹನ್ನೆರಡು. ಹೆಂಡತಿ ಒಬ್ಬಳು, ಮಕ್ಕಳು ಇಬ್ಬರು. ತಂಗಿಯ ಮಕ್ಕಳು ಮೂವರು. ತಂಗಿ ಒಬ್ಬಳು.